ಹಂತಗಳಿಲ್ಲದ ಚಿತ್ರ

ಗಣಿತದ ಉತ್ತರಪತ್ರಿಕೆಯಲ್ಲಿ ಹಂತಗಳನ್ನು ಬಿಟ್ಟು ಉತ್ತರವನ್ನಷ್ಟೇ ಬರೆದ ವಿದ್ಯಾರ್ಥಿಗೆ ಪೂರ್ಣಾಂಕ ಕೊಡುವ ಪದ್ಧತಿಯಿಲ್ಲ. ಉತ್ತರ ಸರಿಯಾಗಿಯೇ ಇರಬಹುದು. ಆದರೆ ಅದು ಅವನ ಬುದ್ಧಿಯಿಂದ ಬಂದುದೋ ಪಕ್ಕದವನ ಹಾಳೆಯಿಂದ ಬಂದುದೋ ಎಂದು ತಿಳಿಯುವ ಬಗೆ ಹೇಗೆ? ಇದೇ ಕಟ್ಟುಪಾಡನ್ನು ನಾವು ಆಕಾಶದ ಚಿತ್ರಗಳಿಗೂ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ನೀಹಾರಿಕೆಗಳ, ಗೆಲಾಕ್ಸಿಗಳ ವರ್ಣಮಯ ಚಿತ್ರಗಳು ಇಂದು ಮಕ್ಕಳ ಅಂಗೈಯಲ್ಲಿಯೇ ಇವೆ. ದೂರದರ್ಶಕ ಕಂಡದ್ದೂ ಯಂತ್ರಬುದ್ಧಿ ಕಲ್ಪಿಸಿದ್ದೂ ಅಲ್ಲಿ ಅಕ್ಕಪಕ್ಕದಲ್ಲೇ ಕುಳಿತಿರುತ್ತವೆ. "ಸರ್, ಇದು ನಿಜವಾದ ಚಿತ್ರವೇ?" ಎಂದು ಮಗುವೊಂದು ಕೇಳಿದರೆ, "ಹೌದಪ್ಪ, ದೊಡ್ಡ ವಿಜ್ಞಾನಿಗಳು ತೆಗೆದದ್ದು" ಎಂದಷ್ಟೇ ಹೇಳುವುದು ಉತ್ತರವಾಗಲಾರದು.

ಉತ್ತರ ಹೇಗಿರಬೇಕೆಂಬುದಕ್ಕೆ ಮೊಂಟಾಜ್ ಎಂಬ ತಂತ್ರಾಂಶವನ್ನು ಉದಾಹರಣೆಯಾಗಿ ಮುಂದಿಡುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯವರೂ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರೂ ನಾಸಾದ ಧನಸಹಾಯದಿಂದ 2000ದ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಆಕಾಶದ ಬಿಡಿ ಚಿತ್ರಗಳನ್ನು ಜೋಡಿಸಿ ಒಂದು ದೊಡ್ಡ ಚಿತ್ರವನ್ನಾಗಿಸುವುದು ಇದರ ಕೆಲಸ. ಇದರಲ್ಲಿ ಕೆಲಸವನ್ನು ಹಂತಹಂತವಾಗಿ ಮಾಡಬಹುದು. ಕಮ್ಯಾಂಡ್ ಲೈನ್‌ನಲ್ಲಿ, ಎಂದರೆ ಬರಿದಾದ ಪರದೆಯ ಮೇಲೆ, ಒಂದೊಂದೇ ಆಜ್ಞೆಯನ್ನು ಬೆರಳಚ್ಚಿಸಬಹುದು. ಒಂದು ಆಜ್ಞೆಗೆ ಒಂದೇ ಕೆಲಸ.

ಜೋಡಿಸುವ ಅಗತ್ಯವಾದರೂ ಏನು? 1997ರಿಂದ 2001ರವರೆಗೆ ಅರಿಜೋನಾದಲ್ಲೊಂದು, ಚಿಲಿಯಲ್ಲೊಂದು, ಹೀಗೆ 1.3 ಮೀಟರ್ ವ್ಯಾಸದ ಎರಡು ದೂರದರ್ಶಕಗಳು ಇಡೀ ಆಕಾಶವನ್ನು ಅವಕೆಂಪು ಬೆಳಕಿನಲ್ಲಿ ಚಿತ್ರಿಸಿದವು. ಇದಕ್ಕೆ ಟೂಮಾಸ್ ಸಮೀಕ್ಷೆಯೆಂದು ಹೆಸರು. ಅದರ ಒಂದೊಂದು ಪಟದಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 1024 ಚುಕ್ಕಿಗಳು; ಒಂದು ಚುಕ್ಕಿಗೆ ಒಂದು ವಿಕಲೆ, ಅಂದರೆ ಡಿಗ್ರಿಯ 3600ರಲ್ಲೊಂದು ಭಾಗ. ಲೆಕ್ಕ ಹಾಕಿದರೆ ಒಂದು ಪಟದಲ್ಲಿ ಹುಣ್ಣಿಮೆಯ ಚಂದ್ರನೂ ಪೂರ್ತಿ ಹಿಡಿಯುವುದಿಲ್ಲ. ದೇವಯಾನಿ ಎಂದು ನಾವು ಕರೆಯುವ ಆಂಡ್ರೊಮೀಡ ಗೆಲಾಕ್ಸಿಯೋ ಸುಮಾರು ಮೂರು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲವಾಗಿ ಹರಡಿದೆ. ಅದನ್ನು ಮುಚ್ಚಲು ಎಪ್ಪತ್ತಕ್ಕೂ ಹೆಚ್ಚು ಪಟಗಳು ಬೇಕು.

ಅವುಗಳನ್ನು ಹಾಗೆಯೇ ಅಂಟಿಸಿದರೆ ನಮಗೆ ಸಿಗುವುದು ಕೌದಿ. ಉತ್ತರ ಕರ್ನಾಟಕದ ಅಜ್ಜಿಯರು ಹೊಲಿಯುವ ಕೌದಿಯಲ್ಲಿ ತುಂಡುಗಳು ಬೇರೆಬೇರೆಯಾಗಿ ಕಾಣುವುದೇ ಚೆಲುವು. ಆಕಾಶದ ಚಿತ್ರದಲ್ಲಿ ಅದು ಸುಳ್ಳು. ಭೂಮಿಯ ಮೇಲಿನ ವಾತಾವರಣದಲ್ಲಿ ಹೈಡ್ರಾಕ್ಸಿಲ್ ಅಣುಗಳು ಅವಕೆಂಪಿನಲ್ಲಿ ತಾವೇ ಮಿನುಗುತ್ತವೆ, ಆ ಮಿನುಗು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಆದ್ದರಿಂದ ಒಂದು ಪಟದ ಹಿನ್ನೆಲೆ ಬೆಳ್ಳಗೆ, ಪಕ್ಕದ್ದು ಕಪ್ಪಗೆ. ನಮ್ಮ ಫೋನುಗಳೂ ಹಲವು ಚಿತ್ರಗಳನ್ನು ಹೊಲಿದು ಒಂದು ಅಗಲವಾದ ದೃಶ್ಯವನ್ನು ಮಾಡಿಕೊಡುತ್ತವೆ. ಆದರೆ ಅಲ್ಲಿ ಹೊಲಿಗೆ ಕಣ್ಣಿಗೆ ಕಾಣದಿದ್ದರೆ ಸಾಕು. ನಕ್ಷತ್ರದ ಪ್ರಕಾಶವನ್ನು ಅಳೆಯಹೊರಟವನಿಗೆ ಅಷ್ಟು ಸಾಲದು.

ಮೊಂಟಾಜ್ ಇದನ್ನು ಬಗೆಹರಿಸುವ ಕ್ರಮವನ್ನು ನೋಡಿರಿ. ಮೊದಲ ಆಜ್ಞೆ ಪಟಗಳ ಪಟ್ಟಿಯನ್ನು ಮಾಡುತ್ತದೆ. ಎರಡನೆಯದು ಕಟ್ಟಬೇಕಾದ ದೊಡ್ಡ ಚಿತ್ರದ ಅಳತೆಯನ್ನು ಸಾದಾ ಅಕ್ಷರಗಳಲ್ಲಿ ಬರೆದಿಡುತ್ತದೆ. ಮೂರನೆಯದು ಪ್ರತಿ ಪಟವನ್ನೂ ಆ ಚೌಕಟ್ಟಿಗೆ ಹೊಂದಿಸುತ್ತದೆ. ಆಕಾಶ ಗೋಳ, ಚಿತ್ರ ಸಮತಲ. ಹಳೆಯ ಚುಕ್ಕಿ ಹೊಸ ಚುಕ್ಕಿಯ ಮೇಲೆ ಓರೆಯಾಗಿ ಬೀಳುತ್ತದೆ. ಆಗ ಅದು ಯಾವ ಯಾವ ಹೊಸ ಚುಕ್ಕಿಯನ್ನು ಎಷ್ಟೆಷ್ಟು ಮುಚ್ಚಿತೆಂದು ಗೋಳದ ಮೇಲೆಯೇ ಕ್ಷೇತ್ರಫಲ ಲೆಕ್ಕಹಾಕಿ, ಬೆಳಕನ್ನು ಆ ಪ್ರಮಾಣದಲ್ಲಿ ಹಂಚುತ್ತದೆ. ಸೇರಿನಲ್ಲಿದ್ದ ಅಕ್ಕಿಯನ್ನು ಪಾವಿನಲ್ಲಿ ಅಳೆದು ಹಾಕಿದರೂ ಒಟ್ಟು ಅಕ್ಕಿ ಅಷ್ಟೇ ಇರುವಂತೆ, ಇಲ್ಲಿಯೂ ಒಟ್ಟು ಬೆಳಕಿಗೆ ನಷ್ಟವಿಲ್ಲ. ಯಾವ ಚುಕ್ಕಿ ಎಷ್ಟು ಮುಚ್ಚಲ್ಪಟ್ಟಿತೆಂಬ ಲೆಕ್ಕವೂ ಪ್ರತ್ಯೇಕ ಕಡತವಾಗಿ ಉಳಿಯುತ್ತದೆ.

ಆಮೇಲೆ ಹಿನ್ನೆಲೆಯ ಸರದಿ. ಎರಡು ಪಟಗಳು ಒಂದರ ಮೇಲೊಂದು ಬೀಳುವ ಅಂಚಿನಲ್ಲಿ ಎರಡೂ ನೋಡಿರುವುದು ಒಂದೇ ಆಕಾಶವನ್ನು. ಅಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಹಿನ್ನೆಲೆಯ ವ್ಯತ್ಯಾಸವಷ್ಟೆ. ಆ ವ್ಯತ್ಯಾಸಕ್ಕೊಂದು ಓರೆಯಾದ ಸಮತಲವನ್ನು ಹೊಂದಿಸಿ, ಎಲ್ಲ ನೆರೆಹೊರೆಯವರಿಗೂ ಒಪ್ಪಿಗೆಯಾಗುವಂತೆ ಯಾವ ಪಟಕ್ಕೆ ಎಷ್ಟು ತಿದ್ದುಪಡಿ ಎಂಬುದನ್ನು ಮತ್ತೆ ಮತ್ತೆ ಲೆಕ್ಕಹಾಕಿ ನಿರ್ಧರಿಸುತ್ತದೆ. ಆ ತಿದ್ದುಪಡಿಗಳು ಒಂದು ಕೋಷ್ಟಕದಲ್ಲಿ ಅಂಕೆಗಳಾಗಿ ಕುಳಿತಿರುತ್ತವೆ. ಯಾರು ಬೇಕಾದರೂ ತೆರೆದು ಓದಬಹುದು. ಕಡೆಯ ಆಜ್ಞೆ ತಿದ್ದಿದ ಪಟಗಳನ್ನು ಕೂಡಿಸುತ್ತದೆ. ಮೂಲ ಪಟಗಳು ಮಾತ್ರ ಇದ್ದಂತೆಯೇ ಇರುತ್ತವೆ.

ಇದಕ್ಕೂ ಮಿತಿಯುಂಟು. ಪಟಪಟಗಳ ನಡುವಿನ ವ್ಯತ್ಯಾಸವನ್ನು ಇದು ತೆಗೆಯುತ್ತದೆಯೇ ಹೊರತು ಎಲ್ಲ ಪಟಗಳಿಗೂ ಸಮಾನವಾಗಿ ಬೆರೆತ ಹಿನ್ನೆಲೆಯನ್ನಲ್ಲ. ಹಿನ್ನೆಲೆ ಓರೆಯಾದ ಸಮತಲದಷ್ಟು ಸರಳವಾಗಿದೆ ಎಂಬುದೂ ಒಂದು ಊಹೆಯೇ. ಆದರೆ ಆ ಊಹೆ ಎಲ್ಲಿದೆ, ಯಾವ ಹಂತದಲ್ಲಿದೆ ಎಂಬುದು ಕಾಣುತ್ತದೆ. ಒಪ್ಪದವನು ಆ ಹಂತಕ್ಕೇ ಹೋಗಿ ಪ್ರಶ್ನಿಸಬಹುದು.

"ಈ ಕಾಲದಲ್ಲಿಯೂ ಆಜ್ಞೆಗಳನ್ನು ಬೆರಳಚ್ಚಿಸುವ ಕಷ್ಟವೇಕೆ?" ಎಂದು ಕೆಲವರು ಕೇಳಬಹುದು. ಗುಂಡಿ ಒತ್ತುವುದು ಸುಲಭವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀವು ಯಾವ ಗುಂಡಿಯನ್ನು ಯಾವಾಗ ಒತ್ತಿದಿರೆಂಬುದು ನಾಳೆ ನಿಮಗೇ ನೆನಪಿರುವುದಿಲ್ಲ. ಬೆರಳಚ್ಚಿಸಿದ ಆಜ್ಞೆಗಳು ಒಂದು ಹಾಳೆಯಲ್ಲಿ ಹಿಡಿಯುತ್ತವೆ. ಆ ಹಾಳೆಯನ್ನು ಧಾರವಾಡದ ವಿದ್ಯಾರ್ಥಿಯೊಬ್ಬಳು ಚಿಲಿಯ ವಿದ್ಯಾರ್ಥಿಗೆ ಕಳುಹಿಸಿದರೆ, ಅವನು ಅದೇ ಪಟಗಳಿಂದ ಅದೇ ಚಿತ್ರವನ್ನು ಕಟ್ಟಿ, "ನಿನ್ನ ಮೂರನೆಯ ಹಂತ ಸರಿಯಿಲ್ಲ" ಎಂದು ಧೈರ್ಯವಾಗಿ ಹೇಳಬಲ್ಲ. ವಿಜ್ಞಾನವೆಂದರೆ ಈ ಹೇಳುವಿಕೆ ಕೇಳುವಿಕೆಗಳೇ ಅಲ್ಲವೆ?

ನಮ್ಮವರಿಗೂ ಇದು ದೂರದ ಮಾತಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಉಡಾಯಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ರೂಪಿಸಲಾಯಿತು. ಅದರ ನೋಟದ ಅಗಲ ಸುಮಾರು 28 ಕಲೆ, ಹೆಚ್ಚುಕಡಿಮೆ ಒಂದು ಚಂದ್ರಬಿಂಬದಷ್ಟು. ದೇವಯಾನಿಯನ್ನು ಅದರಿಂದ ನೋಡಿದವರೂ ತುಂಡುತುಂಡಾಗಿ ನೋಡಿಯೇ ಜೋಡಿಸಬೇಕಾಯಿತು.

ಮೊಂಟಾಜ್ ಉಚಿತ, ಟೂಮಾಸ್ ಪಟಗಳೂ ಉಚಿತ. ಪದವಿಪೂರ್ವ ಕಾಲೇಜಿನ ಹಳೆಯ ಗಣಕದಲ್ಲಿಯೂ ನಾಲ್ಕಾರು ಪಟಗಳನ್ನು ಜೋಡಿಸಬಹುದು. ಕೊರತೆಯಿರುವುದು ಕನ್ನಡದಲ್ಲಿ ಆ ಹಂತಗಳನ್ನು ಬಿಡಿಸಿ ಹೇಳುವ ಒಂದು ಕಿರುಹೊತ್ತಗೆಗೆ. ಭೌತಶಾಸ್ತ್ರದ ಅಧ್ಯಾಪಕಮಿತ್ರರು ಯಾರಾದರೂ ಮನಸ್ಸು ಮಾಡಿಯಾರೇ? ಎರಡೇ ಎರಡು ಪಟಗಳನ್ನು ಮೊದಲು ಹಾಗೆಯೇ ಅಂಟಿಸಿ, ನಡುವಿನ ಗೆರೆಯನ್ನು ಮಕ್ಕಳಿಗೆ ತೋರಿಸಿರಿ. ಆ ಗೆರೆ ಹೇಗೆ ಹೋಯಿತೆಂದು ಅವರೇ ಲೆಕ್ಕಹಾಕಲಿ. ಮುಂದೆ ಯಾವ ಬೆಡಗಿನ ಚಿತ್ರವನ್ನು ಕಂಡರೂ "ಹಂತಗಳೆಲ್ಲಿ?" ಎಂದು ಕೇಳುವ ಅಭ್ಯಾಸ ಅವರಿಗಾದರೆ, ಗುರುಗಳ ಶ್ರಮ ಸಾರ್ಥಕವಾದಂತೆ.