ತಾತ್ಕಾಲಿಕ ದಂತವೂ ಒಸಡಿನ ಸಂಸ್ಕಾರವೂ

ಮುಂಬಲ್ಲನ್ನು ಕಳೆದುಕೊಂಡ ತರುಣಿಯ ತಂದೆಯೋರ್ವರು ಕೇಳಿರುವರು: ದವಡೆಯಲ್ಲಿ ನಾಟಿದ ಲೋಹದ ಬೇರು ಗಟ್ಟಿಯಾಗಿ, ಅದರ ಮೇಲೆ ತಾತ್ಕಾಲಿಕ ಹಲ್ಲೊಂದು ಕುಳಿತಿದೆ. ವಿವಾಹವು ಸಮೀಪಿಸಿದ್ದರೂ ವೈದ್ಯರು ಶಾಶ್ವತ ದಂತವನ್ನು ಕೊಡದೆ, ಕೆಲವು ವಾರಗಳಿಗೊಮ್ಮೆ ಆ ತಾತ್ಕಾಲಿಕವನ್ನೇ ಕಳಚಿ, ಕೊಂಚ ಲೇಪವನ್ನು ಕೂಡಿಸಿ, ಮರಳಿ ಇಡುತ್ತಿರುವರು. ಇದು ಕಾಲಹರಣವಲ್ಲವೆ? ಅಲ್ಲವೆಂದೇ ನಮ್ಮ ಉತ್ತರ.

ಎರಡು ಸಲ ಹುಟ್ಟುವುದರಿಂದ ಹಲ್ಲಿಗೆ ಸಂಸ್ಕೃತದಲ್ಲಿ ದ್ವಿಜವೆಂಬ ಹೆಸರುಂಟು. ಮೂರನೆಯ ಜನ್ಮವನ್ನು ಕೋಶಕಾರರು ಊಹಿಸಿರಲಾರರು. ಟೈಟೇನಿಯಂ ಲೋಹವು ಜೀವಂತ ಮೂಳೆಯೊಡನೆ ಬೆಸೆಯುವುದನ್ನು ಕಂಡ ಸ್ವೀಡನ್ನಿನ ಬ್ರೋನೆಮಾರ್ಕ್ ಪಂಡಿತರು ೧೯೬೫ರಲ್ಲಿ ಅದನ್ನು ಮನುಷ್ಯನ ದವಡೆಯಲ್ಲಿ ನಾಟಿದರು.

ಆದರೆ ಮೂಳೆ ಒಪ್ಪಿದ ಮಾತ್ರಕ್ಕೆ ಒಸಡು ಒಪ್ಪದು. ನಾಟಿದ ಬೇರು ಸುಮಾರು ೪ ಮಿಲಿಮೀಟರು ವ್ಯಾಸದ ದುಂಡು ಕಂಬ. ಮೇಲ್ದವಡೆಯ ನಡುಹಲ್ಲಿನ ಕೊರಳಾದರೋ ಅದಕ್ಕಿಂತ ಅಗಲವಾದ, ಮೂಲೆಗಳು ಸವೆದ ತ್ರಿಕೋಣ. ದುಂಡು ರಂಧ್ರದಿಂದ ನೇರವಾಗಿ ಹೊರಟ ಹಲ್ಲು ಗೂಟದ ಮೇಲಿಟ್ಟ ಬೊಂಬೆಯಂತೆ ತೋರುವುದು. ಪಕ್ಕಗಳಲ್ಲಿ ಕಪ್ಪು ಸಂದುಗಳು ಉಳಿಯುವುವು. ಆದುದರಿಂದ ತಾತ್ಕಾಲಿಕ ದಂತದ ಬುಡವನ್ನು ಹಂತಹಂತವಾಗಿ ಉಬ್ಬಿಸಿ, ಅದರ ಮೆಲ್ಲನೆಯ ಒತ್ತಡದಿಂದ ಒಸಡಿಗೆ ಆಕಾರ ಕೊಡತಕ್ಕದ್ದು. ಒತ್ತಿದೊಡನೆ ಒಸಡು ಬಿಳಿಚುವುದು. ಸುಮಾರು ೧೦–೧೫ ನಿಮಿಷಗಳಲ್ಲಿ ಕೆಂಪು ಮರಳಬೇಕು. ಮರಳದಿದ್ದರೆ ರಕ್ತಸಂಚಾರವು ತಡೆದಿದೆಯೆಂದರಿತು ಉಬ್ಬನ್ನು ಅರೆಯಬೇಕು. ಅವಸರಪಟ್ಟರೆ, ವಿಶೇಷವಾಗಿ ತುಟಿಯ ಕಡೆ ಅತಿಯಾಗಿ ಉಬ್ಬಿಸಿದರೆ, ಒಸಡು ಮೇಲಕ್ಕೆ ಸರಿದುಬಿಡುವುದು. ಸರಿದುದನ್ನು ಮರಳಿ ತರುವುದು ಬಹು ಕಷ್ಟ. ತಂದೆಯವರು ಇದನ್ನು ಮನಗಾಣಬೇಕು: ವಿವಾಹದ ದಿನಕ್ಕೆ ತಾತ್ಕಾಲಿಕ ಹಲ್ಲೇ ಧಾರಾಳವಾಗಿ ಸಾಕು, ಚಕ್ಕುಲಿ, ಕಬ್ಬುಗಳನ್ನು ಅದರಿಂದ ಕಡಿಯದಿದ್ದರಾಯಿತು.

ಈ ವಿದ್ಯೆಗೂ ಮಿತಿಯುಂಟು. ೧೯೯೨ರಲ್ಲಿ ಟಾರ್ನೋ ಮತ್ತು ಸಂಗಡಿಗರು ಸ್ವಾಭಾವಿಕ ಹಲ್ಲುಗಳನ್ನು ಅಳೆದು, ಹಲ್ಲುಗಳು ಪರಸ್ಪರ ತಾಗುವ ಬಿಂದುವಿನಿಂದ ಮೂಳೆಯವರೆಗೆ ೫ ಮಿಲಿಮೀಟರು ಅಥವಾ ಕಡಿಮೆಯಿದ್ದಲ್ಲಿ ಒಸಡಿನ ಮೊನೆಯು ಸಂದನ್ನು ಪ್ರಾಯಶಃ ಸದಾ ತುಂಬುವುದೆಂದೂ, ದೂರವು ಹೆಚ್ಚಿದಂತೆ ಅದು ವಿರಳವಾಗುವುದೆಂದೂ ತೋರಿಸಿದರು. ಮೂಳೆಯೇ ಇಳಿದುಹೋದಲ್ಲಿ ಲೇಪವು ಏನು ಮಾಡೀತು?

ಕಡೆಯ ಕೆಲಸ ಅಚ್ಚು ತೆಗೆಯುವುದು. ತಾತ್ಕಾಲಿಕವನ್ನು ಕಳಚಿದ ಕೆಲವೇ ನಿಮಿಷಗಳಲ್ಲಿ ಒಸಡು ಕುಸಿಯತೊಡಗುವುದರಿಂದ, ಜಾಣ ವೈದ್ಯರು ಆ ಹಲ್ಲಿನ ಬುಡದ ಆಕಾರವನ್ನೇ ಅಚ್ಚಿನ ಸಾಧನಕ್ಕೆ ಇಳಿಸಿಕೊಂಡು, ಅದರಂತೆಯೇ ಪಿಂಗಾಣಿಯ ದಂತವನ್ನು ಮಾಡಿಸುವರು.