ಒಂದು ಬಟನ್, ನಲವತ್ತೊಂದು ವಿಳಾಸ

ಮೊನ್ನೆ ಶುಕ್ರವಾರ ಸಂಜೆ ಇನ್ನೇನು ಬ್ಯಾಗ್ ಹೆಗಲಿಗೇರಿಸಬೇಕು, ನಮ್ಮ ಟೆಸ್ಟುಗಳೆಲ್ಲ ಸಾಲಾಗಿ ಕೆಂಪಾದವು. ಕಾರಣ? ಡೆವಲಪರ್ ಪುಣ್ಯಾತ್ಮ 'ಸೇವ್' ಬಟನ್ನನ್ನು ಇನ್ನೊಂದು ಡಿವ್ ಒಳಗೆ ಕೂರಿಸಿದ್ದ. ಅಷ್ಟೇ! ಬಟನ್ ಸರಿಯಾಗೇ ಇತ್ತು, ನಮ್ಮ ಕೋಡಿಗೆ ಮಾತ್ರ ಕಾಣುತ್ತಿರಲಿಲ್ಲ.

ಈ ಕಸುಬು ಗೊತ್ತಿಲ್ಲದವರಿಗೊಂದು ಮಾತು. 2004ರಲ್ಲಿ ಹುಟ್ಟಿದ ಸೆಲೆನಿಯಂನಂಥ ಸಾಧನಗಳು ನಮ್ಮ ಪರವಾಗಿ ಬ್ರೌಸರಿನಲ್ಲಿ ಕ್ಲಿಕ್ ಮಾಡುತ್ತವೆ. ಎಲ್ಲಿ ಕ್ಲಿಕ್ ಮಾಡಬೇಕೆಂದು ಹೇಳುವ ವಿಳಾಸವೇ ಲೊಕೇಟರ್. ನಮ್ಮಲ್ಲಿ ಆ ಒಂದು ವಿಳಾಸ 41 ಫೈಲುಗಳಲ್ಲಿ ಕಾಪಿ-ಪೇಸ್ಟ್ ಆಗಿತ್ತು. (ಅದರಲ್ಲಿ ಹನ್ನೆರಡು ನನ್ನವೇ, ಒಪ್ಪಿಕೊಳ್ಳುತ್ತೇನೆ.) ಅದೂ ಎಂಥ ವಿಳಾಸ? ಮೂರನೇ ಡಿವ್, ಅದರೊಳಗಿನ ಎರಡನೇ ಡಿವ್, ಅದರ ಕೊನೇ ಬಟನ್! ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಳಿದವರಿಗೆ "ಅಲ್ಲಿ ನಿಂತಿದೆಯಲ್ಲ, ಮೂರನೇ ಬಸ್ಸು, ಅದರ ಹಿಂದಿನ ಅಂಗಡಿ" ಅಂದ ಹಾಗೆ. ಬಸ್ಸು ಹೊರಟರೆ ಅಂಗಡಿಯೂ ಕಾಣೆ.

"ಟೆಸ್ಟ್ ಕೋಡ್ ತಾನೆ ಮಾರಾಯಾ, ಓಡಿದರೆ ಸಾಕು" ಅನ್ನುವವರ ಜತೆಗೇ ನನ್ನ ಜಗಳ. ಸಾಕಾಗುವುದಿಲ್ಲ ಸ್ವಾಮಿ. ಹೀಗೆ ಸುಮ್ಮಸುಮ್ಮನೆ ಕೆಂಪಾಗುವ ಟೆಸ್ಟು 'ಹುಲಿ ಬಂತು ಹುಲಿ' ಎಂದು ಕೂಗಿದ ಹುಡುಗನಂತೆ. ಹೋದ ತಿಂಗಳು ನಿಜವಾದ ಹುಲಿಯೇ ಬಂದಿತ್ತು. "ಲೊಕೇಟರ್ ಇರಬೇಕು, ಬಿಡು" ಅಂದೆವು. ಗ್ರಾಹಕರ ಬಿಲ್ಲುಗಳು ಎರಡೆರಡು ಸಲ ಸೇವ್ ಆದವು. ತಪ್ಪನ್ನು ಟೆಸ್ಟು ಹಿಡಿದಿತ್ತು, ಬಿಟ್ಟವರು ನಾವು.

ಮದ್ದು ಹೊಸದೇನಲ್ಲ. ಒಂದೊಂದು ಪುಟಕ್ಕೂ ಒಂದು ಕ್ಲಾಸ್, ಆ ಪುಟದ ಲೊಕೇಟರುಗಳೆಲ್ಲ ಅದರಲ್ಲೇ. ಎಲ್ಲ ಪುಟಗಳಲ್ಲೂ ಬರುವ ಮೆನುವಿಗೆ ಬೇರೆಯದೇ ಒಂದು. ಇದಕ್ಕೆ ಪೇಜ್ ಆಬ್ಜೆಕ್ಟ್ ಅನ್ನುತ್ತಾರೆ. ಮಾರ್ಟಿನ್ ಫೌಲರ್ 2013ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಟೆಸ್ಟು 'ಸೇವ್ ಮಾಡು' ಅಂದರೆ ಸಾಕು, ಬಟನ್ ಎಲ್ಲಿದೆ ಅನ್ನುವುದು ಆ ಕ್ಲಾಸಿನ ತಲೆನೋವು.

"ನಾವು ಎಲ್ಲವನ್ನೂ ಒಂದೇ ಕಾನ್‌ಸ್ಟೆಂಟ್ಸ್ ಫೈಲಿನಲ್ಲಿ ಇಟ್ಟಿದ್ದೇವಲ್ಲ" ಅನ್ನಬೇಡಿ. ಅದು ಅಜ್ಜನ ಮನೆಯ ಅಟ್ಟ. ಹಾಕುವುದು ಸುಲಭ, ಬಟನ್1 ಯಾವುದು ಬಟನ್2 ಯಾವುದು ಎಂದು ಹುಡುಕುವವರ ಪಾಡು ಬೇಡ.

2014ರ ನವೆಂಬರ್ 1ರಂದು ನಮ್ಮೂರಿನ ಇಂಗ್ಲಿಷ್ ಹೆಸರು ಮ್ಯಾಂಗಲೋರ್ ಹೋಗಿ ಮಂಗಳೂರು ಆಯಿತು. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ ಎನ್ನುತ್ತಿದ್ದವರಿಗೆ ಏನಾಯಿತು? ಏನೂ ಇಲ್ಲ. ತಿದ್ದಿಸಿಕೊಂಡದ್ದು ಬೋರ್ಡುಗಳು, ಕಡತಗಳು. ಬದಲಾಗುವುದು ಬದಲಾಗಿಯೇ ತೀರುತ್ತದೆ. ಎಷ್ಟು ಕಡೆ ತಿದ್ದಬೇಕು ಅನ್ನುವುದಷ್ಟೇ ನಮ್ಮ ಕೈಲಿರುವುದು.

ನಾಳೆಯಿಂದ ನನ್ನ ಹನ್ನೆರಡನ್ನು ಕಿತ್ತು ಒಂದು ಮಾಡುತ್ತೇನೆ. ಡೆವಲಪರ್ ಮಿತ್ರರೇ, ನೀವೂ ಬಟನ್ನಿಗೊಂದು ಗಟ್ಟಿ ಐಡಿ ಕೊಡಿ. ಉಳಿದ ಇಪ್ಪತ್ತೊಂಬತ್ತರ ಯಜಮಾನರೇ, ಏನಂತೀರಿ?