ಮೊದಲು ಒಂಟೆಯನ್ನು ಕಟ್ಟೋಣ



ನಿಮ್ಮ ಮನೆಯಂಗಳದಲ್ಲಿ ಎರಡು ಲಕ್ಷ ಕಿಲೋಮೀಟರ್ ಓಡಿದ ಹಳೆಯ ಪಿಕಪ್ ನಿಂತಿದೆಯೇ? ಮೀನು, ತರಕಾರಿ, ಗುಜರಿ ಹೇರಿ ನಿಮ್ಮ ಒಲೆ ಉರಿಸುವ ವಾಹನವದು. ಅದರ ಉಸಾಬರಿ ಗಂಡಸರದ್ದು ಎಂದು ಸುಮ್ಮನಿರಬೇಡಿ. ಸುಬ್‌ಹ್ ನಮಾಝಿನ ಬಳಿಕ ಅವರು ಅವಸರದಲ್ಲಿ ಹೊರಡುವ ಮುನ್ನ ಐದು ನಿಮಿಷ ನೀವೇ ನೋಡಬಹುದು.

ಇಂಜಿನ್ ತಣ್ಣಗಿರುವಾಗ, ಸಮತಟ್ಟಾದ ನೆಲದಲ್ಲಿ ಆಯಿಲ್ ಕಡ್ಡಿಯನ್ನು ಎಳೆದು ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಹಾಲು ಬೆರೆಸಿದ ಚಹಾದಂತೆ ಕಂಡರೆ ಅದಕ್ಕೆ ನೀರು ಸೇರಿರಬಹುದು. ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕನನ್ನು ಕರೆಸಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ ಮತ್ತೆ ತುಂಬಿಸಿ ಸುಮ್ಮನಾಗಬೇಡಿ. ಎಲ್ಲೋ ಸೋರುತ್ತಿದೆ, ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿದೆ. ಟಯರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ರಸ್ತೆಗೆ ಸಲ್ಲದು. ಆಯಿಲ್ ಬದಲಿಸಿದ ದಿನವನ್ನೂ ಕಿಲೋಮೀಟರನ್ನೂ ಡೈರಿಯಲ್ಲಿ ಬರೆದಿಡಿ.

"ಅಲ್ಲಾಹ್ ಕಾಯುತ್ತಾನೆ" ಎನ್ನುತ್ತಾ ಸವೆದ ಬ್ರೇಕಿನಲ್ಲಿ ಘಟ್ಟ ಇಳಿಯುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಬೇಕೇ ಅಥವಾ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಬೇಕೇ ಎಂದು ಕೇಳಿದವರಿಗೆ, ಮೊದಲು ಕಟ್ಟಿ ಬಳಿಕ ಭರವಸೆಯಿಡಲು ಪ್ರವಾದಿ(ಸ) ತಿಳಿಸಿದ ಘಟನೆ ತಿರ್ಮಿದಿಯಲ್ಲಿದೆ.

ರಿಪೇರಿಗೆಂದು ತೆಗೆದಿಟ್ಟ ಹಣ ಯಾರದೋ ಮದುವೆಯ ಉಡುಗೊರೆಗೆ ಖರ್ಚಾಗದಿರಲಿ. ಆ ಗಾಡಿಯ ಮುಂದೆ ಶಾಲೆಗೆ ಹೋಗುವ ಮಕ್ಕಳು ರಸ್ತೆ ದಾಟುತ್ತಾರೆ. ಅವರ ಪ್ರಾಣವೂ ನಮ್ಮ ಕೈಯಲ್ಲಿರುವ ಅಮಾನತ್ತೇ ಅಲ್ಲವೇ?